ಪುಸ್ತಕ ಕಂಡರೆ ಓಡುವ ಹುಡುಗರಿಗೆ ಎದೆ ಝಲ್ಲೆನಿಸುವ ಕಥೆ ಬರೆಯುವ ಬಗೆ

ಪುಸ್ತಕ ಕಂಡರೆ ಮುಖ ತಿರುಗಿಸುವ ಹದಿನಾಲ್ಕು, ಹದಿನೈದರ ಮಕ್ಕಳು ರಾತ್ರಿಯೆಲ್ಲ ಫೋನಿನಲ್ಲಿ ಕೊಲೆಯ ಸೀರೀಸ್ ನೋಡುತ್ತಾರೆ. ಕಥೆಯ ಹಸಿವು ಅವರಿಗಿದೆ. ಆದರೆ ಪುಸ್ತಕ ತೆರೆದರೆ ಎರಡನೇ ಪುಟದೊಳಗೇ ಒತ್ತಕ್ಷರ, ಉದ್ದ ವಾಕ್ಯ, ಏಳೆಂಟು ಹೆಸರುಗಳ ನಡುವೆ ದಾರಿ ತಪ್ಪುತ್ತಾರೆ. ಅದಕ್ಕೇ ಭಾಷೆಯನ್ನು ಸಲೀಸು ಮಾಡಿ, ಕಥೆಯನ್ನು ಸಪ್ಪೆ ಮಾಡಬೇಡಿ. ಹತ್ತನೇ ಕ್ಲಾಸಿನವರ ಕೈಗೆ ಚಿಕ್ಕಮಕ್ಕಳ ಕಥೆ ಕೊಟ್ಟರೆ ಅವರಿಗೆ ತಕ್ಷಣ ಗೊತ್ತಾಗುತ್ತದೆ, ಅವಮಾನವೂ ಆಗುತ್ತದೆ.

ಅಳತೆ ಮೊದಲು. ಇಡೀ ಕಥೆ ಆರೇಳು ಸಾವಿರ ಪದ, ಹನ್ನೆರಡು ಅಧ್ಯಾಯ, ಒಂದೊಂದು 500ರಿಂದ 600 ಪದ. ಇಂಗ್ಲಿಷಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ‘ಮನೆಯಿಂದಲೇ’ ಎಂಬ ಒಂದೇ ಪದದಲ್ಲಿ ಅವರ ಮೂರು ನಾಲ್ಕು ಪದ ಅಡಗಿರುತ್ತವೆ. ವಾಕ್ಯಕ್ಕೆ ಆರರಿಂದ ಎಂಟು ಪದ ಸಾಕು. ‘ಹೋಗಿ, ನೋಡಿ, ಬಂದು, ಕೂತು’ ಎಂದು ಪೋಣಿಸಿಕೊಂಡು ಹೋಗುವ ಚಟವನ್ನು ಎರಡಕ್ಕೆ ನಿಲ್ಲಿಸಿ. ಪಾತ್ರಗಳು ಐದು ಮೀರದಿರಲಿ, ಹೆಸರಿನ ಮೊದಲ ಅಕ್ಷರ ಬೇರೆ ಬೇರೆ ಇರಲಿ. ರಮೇಶ, ರಾಜೇಶ, ರಾಕೇಶ ಒಂದೇ ಪುಟಕ್ಕೆ ಬಂದರೆ ನಿಧಾನವಾಗಿ ಓದುವವರು ಅಲ್ಲೇ ಕೈಬಿಡುತ್ತಾರೆ.

ಮೊದಲ ಪ್ಯಾರಾ ಹೀಗೆ ಶುರುವಾಯಿತು ಅನ್ನಿ: ‘ಕಾರ್ಮೋಡ ಕವಿದಿದ್ದ ಆ ಭೀಕರ ರಾತ್ರಿಯಲ್ಲಿ, ಹತ್ತನೇ ತರಗತಿಯಲ್ಲಿ ವ್ಯಾಸಂಗ ಮಾಡುತ್ತಿದ್ದ ಮಂಜುನಾಥನು ಅವ್ಯಕ್ತ ಭೀತಿಯಿಂದ ತತ್ತರಿಸುತ್ತಾ…’ ಇಷ್ಟು ಓದಿದರೂ ಏನೂ ನಡೆದಿಲ್ಲ. ಬದಲಿಗೆ:

‘ನಾಲೆಗೆ ನೀರು ನಿಲ್ಲಿಸಿ ಮೂರು ದಿನ. ತಳದ ಕೆಸರಲ್ಲಿ ಮಂಜನ ಅಣ್ಣನ ಬೈಕ್ ಬಿದ್ದಿತ್ತು. ಕೀ ಅದರಲ್ಲೇ ಇತ್ತು. ಅಣ್ಣ ಬೆಂಗಳೂರಿಂದ ದಿನಾ ಮೆಸೇಜ್ ಮಾಡ್ತಿದ್ದ.’

ಭಯ ಎಂಬ ಪದವೇ ಇಲ್ಲ, ಆದರೂ ಒಂದಕ್ಕೊಂದು ತಾಳೆಯಾಗದ ಎರಡು ಸಂಗತಿ ಎದುರಿಗಿವೆ. ಓದುವವನು ಮುಂದಕ್ಕೆ ಹೋಗುವುದು ಈ ತಾಳೆಯಾಗದ ಜಾಗದಿಂದಲೇ.

ಇನ್ನು ಗಡುವು. ಗಡುವಿಲ್ಲದ ಕಥೆ ಎಷ್ಟೇ ಕತ್ತಲಾಗಿದ್ದರೂ ಜೋಲು ಬೀಳುತ್ತದೆ. ಮಂಜನ ಕಥೆ ನಡೆಯುವ ಮಂಡ್ಯದ ನೆಲದಲ್ಲಿ ಅದನ್ನು ಹುಡುಕಿಕೊಂಡು ಹೋಗಬೇಕಿಲ್ಲ. ವಿಶ್ವೇಶ್ವರಯ್ಯ ನಾಲೆಗೆ ಕಟ್ಟು ಪದ್ಧತಿಯಲ್ಲಿ ನೀರು ಬಿಟ್ಟರೆ ಕೆಲವು ದಿನ ಹರಿಸಿ, ಕೆಲವು ದಿನ ನಿಲ್ಲಿಸುತ್ತಾರೆ. ಮತ್ತೆ ತೂಬು ಎತ್ತಿದರೆ ಬೈಕ್ ಮುಳುಗಿತು, ಸಾಕ್ಷಿಯೂ ಹೋಯಿತು. ಆ ದಿನ ಯಾವುದೆಂದು ಗದ್ದೆಗಳಿಗೆ ನೀರು ಹಂಚುವ ಊರಿನ ನೀರುಗಂಟಿಗೆ ಮೊದಲೇ ಗೊತ್ತಿರುತ್ತದೆ. ಅವನ ಮೇಲೆ ಅನುಮಾನ ಬೀಳಿಸಲು ಇಷ್ಟು ಸಾಕು. ಎಂಟು ತಿಂಗಳ ಕಬ್ಬು ಆಳುದ್ದ ಮೀರಿರುತ್ತದೆ, ಒಳಗೆ ನುಗ್ಗಿದರೆ ಗರಿ ಮೈ ಕೊಯ್ಯುತ್ತದೆ, ಎರಡು ಸಾಲಿನಾಚೆ ಯಾರಿದ್ದಾರೆಂದು ಕಾಣದು. ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ರಾತ್ರಿ ಬಂದರೆ ಹುಡುಗ ಒಬ್ಬನೇ ಗದ್ದೆಗೆ ಹೋಗಲು ಸಬೂಬು ಸಿಕ್ಕಿತು. ಬಂಗಲೆ, ಸ್ಮಶಾನ, ಹುಣ್ಣಿಮೆ ಯಾವುದೂ ಬೇಡ.

ಗಡುವನ್ನು ಎರಡನೇ ಅಧ್ಯಾಯದೊಳಗೆ ಹೇಳಿಬಿಡಿ. ಆರನೆಯದರಲ್ಲಿ ಮಂಜ ನಂಬಿದ ದೊಡ್ಡವರೊಬ್ಬರು ಸುಳ್ಳು ಹೇಳಿದ್ದು ಬಯಲಾಗಲಿ. ಹತ್ತನೆಯದರಲ್ಲಿ ನೀರು ಒಂದು ದಿನ ಮೊದಲೇ ಬರಲಿ.

ಬಹಳ ಜನ ಎಡವುವುದು ಫೋನಿನಲ್ಲಿ. ‘ನೆಟ್‌ವರ್ಕ್ ಇಲ್ಲ, ಬ್ಯಾಟರಿ ಸತ್ತಿದೆ’ ಎಂದರೆ ಹುಡುಗರು ನಗುತ್ತಾರೆ. ಫೋನನ್ನೇ ಬೆದರಿಕೆ ಮಾಡಿ. ಅಣ್ಣ ಯಾವಾಗಲೂ ‘ಮಂಜ’ ಅನ್ನುತ್ತಿದ್ದವನು ಮೆಸೇಜಿನಲ್ಲಿ ‘ತಮ್ಮಾ’ ಅನ್ನುತ್ತಾನೆ. ಫೋಟೊ ಕೇಳಿದರೆ ನೀಲಿ ಟಿಕ್ ಬೀಳುತ್ತದೆ, ಉತ್ತರ ಬರುವುದಿಲ್ಲ. ಇಂಥ ಸುಳಿವನ್ನು ಬಯಲು ಮಾಡುವ ಮೊದಲು ಕನಿಷ್ಠ ಎರಡು ಸಲ, ಬೇರೆ ಕೆಲಸದ ನಡುವೆ, ಸುಮ್ಮನೆ ದಾಟಿಸಿ. ಒಂದೇ ಸಲ ಬಂದರೆ ತಪ್ಪಿಹೋಗುತ್ತದೆ, ನಾಲ್ಕು ಸಲ ಬಂದರೆ ಗುಟ್ಟು ರಟ್ಟು.

ಮಾತಿನಲ್ಲಿ ಊರ ನುಡಿ ಇರಲಿ, ಆದರೆ ಉಪ್ಪಿನಷ್ಟು. ‘ಗೊತ್ತಿಲ್ಲ ಕಣ್ಲಾ’, ‘ಬುಡು ಅತ್ಲಾಗೆ’ ಸಾಕು. ಪ್ರತಿ ಪದವನ್ನೂ ಉಚ್ಚಾರದಂತೆ ಬರೆದರೆ ಮಂಡ್ಯದವರೇ ಅಕ್ಷರ ಕೂಡಿಸಿ ಓದಬೇಕಾಗುತ್ತದೆ.

ಪ್ರತಿ ಅಧ್ಯಾಯವನ್ನೂ ಕಿರುಚಾಟದಿಂದ ಮುಗಿಸಬೇಡಿ. ಒಮ್ಮೆ ಹೊಸ ಸಂಗತಿ, ಒಮ್ಮೆ ಹುಡುಗನ ಕೆಟ್ಟ ನಿರ್ಧಾರ, ಒಮ್ಮೆ ಯಾರೋ ಆಡಿದ ಸಾದಾ ಮಾತು. ಕಬ್ಬಿನೊಳಗೆ ಸದ್ದಾಗಿ ಚಿರತೆ ಎಂದುಕೊಂಡು ನೋಡಿದರೆ ನಾಯಿ ಎಂಬ ಹುಸಿಭಯ ಇಡೀ ಕಥೆಗೆ ಒಂದೇ ಬಾರಿ. ದೆವ್ವವೋ ಮನುಷ್ಯರೋ ಎಂಬುದನ್ನು ಬರೆಯುವ ಮೊದಲೇ ನಿಶ್ಚಯಿಸಿಕೊಳ್ಳಿ. ಕೊನೆಗೆ ‘ಎಲ್ಲ ಕನಸು’ ಎಂದರೆ ಆ ಓದುಗ ಇನ್ನೊಂದು ಪುಸ್ತಕ ಮುಟ್ಟುವುದಿಲ್ಲ. ಪೊಲೀಸ್ ಮಾಮ ಬಂದು ಬಿಡಿಸುವುದೂ ಬೇಡ, ಗಂಟು ಬಿಚ್ಚಬೇಕಾದವನು ಮಂಜನೇ.

ಕತ್ತಲಿಗೂ ಒಂದು ಎಲ್ಲೆ ಇದೆ. ಹಿಂಸೆ ನಡೆಯುವ ಕ್ಷಣಕ್ಕಿಂತ ಅದರ ಮರುದಿನದ ಮನೆಯನ್ನು ತೋರಿಸಿ. ಆತ್ಮಹತ್ಯೆ ಬಂದರೆ ವಿಧಾನದ ವಿವರ ಬರೆಯಲೇಬೇಡಿ. ಪೇಪರಿನಲ್ಲಿ ಬಂದ ಘಟನೆಯಿಂದ ಕಥೆ ಎತ್ತಿದ್ದರೆ ಊರು, ಶಾಲೆ, ಮನೆತನ ಎಲ್ಲ ಬದಲಿಸಿ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿನ ಗುರುತು ಮಾಧ್ಯಮದಲ್ಲಿ ಬಯಲಾಗುವುದನ್ನು 2012ರ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ತಡೆಯುತ್ತದೆ. ಕೊನೇ ಪುಟದಲ್ಲಿ ಮಕ್ಕಳ ಸಹಾಯವಾಣಿ 1098, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಹಾಕಿ.

ಪರೀಕ್ಷೆ ಹೀಗೆ ಮಾಡಿ. ಮೊದಲ ಮೂರು ಅಧ್ಯಾಯವನ್ನು 14 ಪಾಯಿಂಟ್ ಅಕ್ಷರದಲ್ಲಿ, ಒಂದೂವರೆ ಸಾಲಿನ ಅಂತರ ಬಿಟ್ಟು ಪ್ರಿಂಟ್ ತೆಗೆಯಿರಿ. ಒಂಬತ್ತನೇ ಕ್ಲಾಸಿನವರಿಂದ ಒಂದು ಪುಟ ಜೋರಾಗಿ ಓದಿಸಿ. ಐದಕ್ಕಿಂತ ಹೆಚ್ಚು ಕಡೆ ತಡವರಿಸಿದರೆ ಆ ಪುಟ ತಿದ್ದಬೇಕು. ‘ಹೇಗಿದೆ?’ ಎಂದು ಕೇಳಿ ಪ್ರಯೋಜನವಿಲ್ಲ, ‘ಚೆನ್ನಾಗಿದೆ ಸಾರ್’ ಎಂದೇ ಅನ್ನುತ್ತಾರೆ. ಉಳಿದ ಹಾಳೆ ಕೊಟ್ಟು ಸುಮ್ಮನಿದ್ದುಬಿಡಿ. ನಾಲ್ಕನೇ ಅಧ್ಯಾಯ ಎಲ್ಲಿ ಎಂದು ಅವರಾಗಿ ಕೇಳದಿದ್ದರೆ ಮೂರನೆಯದರ ಕೊನೇ ಪುಟ ಮತ್ತೆ ಬರೆಯಿರಿ.