ಮೋಲ್ಡಿಂಗ್ ದಿನ ಬೆಳಿಗ್ಗೆ ಐದು ನಿಮಿಷ
ಮೇಸ್ತ್ರಿಗಳಿಗೆ, ಸೈಟ್ ನೋಡಿಕೊಳ್ಳುವವರಿಗೆ ಒಂದು ಸಲಹೆ. ಮೋಲ್ಡಿಂಗ್ (ತಾರಸಿಗೆ ಕಾಂಕ್ರೀಟ್) ಹಾಕುವ ದಿನ ಮಿಕ್ಸರ್ ಸ್ಟಾರ್ಟ್ ಮಾಡುವ ಮೊದಲು ಎಲ್ಲರನ್ನೂ ಒಂದು ಕಡೆ ನಿಲ್ಲಿಸಿ ಐದು ನಿಮಿಷ ಮಾತಾಡಿ. ಬಾಂಡ್ಲಿ ಯಾರು ಸಾಗಿಸುವುದು, ಕಾಂಕ್ರೀಟ್ ಅದುರಿಸಿ ಕೂರಿಸುವ ವೈಬ್ರೇಟರ್ ಯಾರ ಕೈಲಿ, ಸೆಂಟ್ರಿಂಗ್ (ಕಾಂಕ್ರೀಟ್ ಹೊರುವ ಹಲಗೆ, ಅದರ ಕೆಳಗೆ ಆಸರೆಗೆ ನಿಲ್ಲಿಸಿದ ಜಾಕಿ ಕಂಬ) ಮೇಲೆ ಕಣ್ಣಿಡುವವರು ಯಾರು. ಆ ಕೊನೆಯವರಿಗೆ ಮಾತ್ರ ಬಿಡಿಸಿ ಹೇಳಿ: "ಜಾಕಿ ಜಾರಿದ ಹಾಗೆ ಅನಿಸಿದ್ರೆ ನನ್ನ ಕೇಳ್ಬೇಡ, ಕೂಗಿ ಕೆಲಸ ನಿಲ್ಲಿಸು."

ನಮ್ಮ ಸೈಟಲ್ಲಿ ಒಮ್ಮೆ ಹೊಸ ಹುಡುಗ ಜಾಕಿ ವಾಲಿದ್ದನ್ನು ನೋಡಿಯೂ ಬೈಗುಳಕ್ಕೆ ಹೆದರಿ ಸುಮ್ಮನಿದ್ದ. ಮೂಲೆಯ ಹಲಗೆ ಎರಡು ಇಂಚು ಇಳಿದ ಮೇಲೇ ಗೊತ್ತಾಯ್ತು. ತಪ್ಪು ಅವನದಲ್ಲ, ದಿನಾ ಬೈಯುತ್ತಿದ್ದ ನನ್ನದು.

ಬೇಸಿಗೆಯಲ್ಲಿ ಬೆಳಿಗ್ಗೆ ಬೇಗ ಶುರು ಮಾಡಿ. ಬಾಯಾರಲಿ ಅಂತ ಕಾಯದೆ 20 ನಿಮಿಷಕ್ಕೊಂದು ಲೋಟ ನೀರು ಕೊಡಿ. ಹೆಂಗಸರು ನೀರು ಕಡಿಮೆ ಕುಡಿಯೋದು ಯಾಕೆ ಗೊತ್ತಲ್ವಾ? ಹೋಗೋಕೆ ಜಾಗ ಇರಲ್ಲ. ಮೊದಲು ಬಾಗಿಲಿರೋ ಒಂದು ಶೌಚಾಲಯ ಮಾಡಿಸಿ.

ಹಾಗೇ ಹಾಜರಿ ಪುಸ್ತಕ ಸರಿಯಾಗಿ ಬರೆಯಿರಿ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಕಾರ್ಡ್‌ಗೆ ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದಕ್ಕೆ ದಾಖಲೆ ಬೇಕು. ವಯಸ್ಸು 18ರಿಂದ 60ರ ಒಳಗಿರಬೇಕು.