ಕೂಸಿಗೊಂದು ಖಣದ ಕುಂಚಿಗೆ

ನಮ್ಮ ಬಾಗಲಕೋಟೆ ಕಡೆ ಕೂಸಿನ ತಲೆ, ಬೆನ್ನು ಎರಡನ್ನೂ ಮುಚ್ಚುವ ಕುಂಚಿಗೆಗೆ ಗುಳೇದಗುಡ್ಡದ ಖಣವೇ (ಕುಪ್ಪಸ ಹೊಲಿಯುವ, ದಡಿಯಿರುವ ನೇಯ್ಗೆ ಬಟ್ಟೆ) ಚೆಂದ. ಮೊಮ್ಮಕ್ಕಳಿಗೆಲ್ಲ ನಾನೇ ಹೊಲಿದಿದ್ದೇನೆ. ಈ ಅಳತೆ ಮೂರು-ನಾಲ್ಕು ತಿಂಗಳ ಕೂಸಿಗೆ.

ಒಳಗಿನ ಅಸ್ತರಿಗೆ ತೊಳೆದು ತೊಳೆದು ಮೆತ್ತಗಾದ ಹತ್ತಿ ಸೀರೆಯೇ ಬೇಕು. ಖಣದ ಹಿಂಬದಿಯ ಎಳೆಗಳು ಎಳೆಯ ಚರ್ಮಕ್ಕೆ ಚುಚ್ಚುತ್ತವೆ, ಇದರಲ್ಲಿ ರಾಜಿ ಬೇಡ. ಹೊಸ ಬಟ್ಟೆಯನ್ನು ಮೊದಲು ನೆನೆಸಿ ಒಣಗಿಸಿ, ಬಣ್ಣ ಬಿಡುತ್ತದೆಯೋ ನೋಡಿ.

ತಲೆಯ ಭಾಗಕ್ಕೆ 15 ಇಂಚು ಉದ್ದ, ಏಳೂವರೆ ಇಂಚು ಅಗಲ. ಬೆನ್ನಿನ ಭಾಗಕ್ಕೆ 24 ಇಂಚು ಅಗಲ, 16 ಇಂಚು ಉದ್ದ. ಎರಡನ್ನೂ ಖಣದಲ್ಲಿ, ಅಸ್ತರಿನಲ್ಲಿ ಒಂದೊಂದು ಕತ್ತರಿಸಿ. ಖಣದ ದಡಿ 15 ಇಂಚಿನ ಬದಿಗೆ ಬರಲಿ, ಅದೇ ಮುಖದ ಸುತ್ತ ಕಾಣುವುದು.

ತಲೆಯ ತುಂಡನ್ನು 15 ಇಂಚಿನ ಉದ್ದ ಅರ್ಧವಾಗುವಂತೆ ಮಡಚಿ, ದಡಿಯ ಎದುರಿನ ಬದಿಯನ್ನು ಹೊಲಿಯಿರಿ, ಅಸ್ತರನ್ನೂ ಹಾಗೆಯೇ. ಎರಡರ ಮೇಲ್ಮೈಗಳನ್ನು ಒಂದಕ್ಕೊಂದು ತಾಗಿಸಿ, ದಡಿಯ ಕಡೆ ಹೊಲಿದು ತಿರುವಿ. ಬೆನ್ನಿನ ತುಂಡುಗಳನ್ನು ಮೂರು ಬದಿ ಹೊಲಿದು ತಿರುವಿ. ಕುತ್ತಿಗೆಯ ಕಡೆ ಎರಡಕ್ಕೂ ನೆರಿಗೆ ಹಿಡಿದು 11 ಇಂಚಿಗೆ ತನ್ನಿ. ಮೊದಲು ಖಣಕ್ಕೆ ಖಣ ಜೋಡಿಸಿ, ತುದಿಗಳಲ್ಲಿ ಬಟ್ಟೆಯ ಲಾಡಿ ಸೇರಿಸಿ, ಆಮೇಲೆ ಅಸ್ತರಿನ ಅಂಚನ್ನು ಒಳಗೆ ಮಡಚಿ ಕೈಯಲ್ಲಿ ಹೊಲಿಯಿರಿ.

ಲಾಡಿ ಆರು ಇಂಚು ಮೀರಬಾರದು. ಮಣಿ, ಗೆಜ್ಜೆ ಎಷ್ಟೇ ಆಸೆಯಾದರೂ ಬೇಡ. ಕಿತ್ತು ಬಂದರೆ ನೇರ ಬಾಯಿಗೆ ಹೋಗುತ್ತವೆ. ಮಲಗಿಸುವಾಗ ಕುಂಚಿಗೆ ಬಿಚ್ಚಿಡಿ.