ಮೊದಲು ಕೆಲಸ, ಆಮೇಲೆ ಜನ: ಬೆಂಗಳೂರಿನ ಮುನ್ನಂದಾಜು ಮಾಡಿದ ನನ್ನ ಅನುಭವ

ನೀರಿನ ಕೊಳವೆ ಜಾಲದ ಯೋಜನೆಯೊಂದಕ್ಕಾಗಿ 2023ರಲ್ಲಿ ಹನ್ನೆರಡು ಬಡಾವಣೆಗಳಲ್ಲಿ ಮನೆಮನೆ ಎಣಿಕೆ ನಡೆಯಿತು. ನಾನು 2016ರಲ್ಲಿ ಸಿದ್ಧಪಡಿಸಿದ್ದ, 2041ರವರೆಗಿನ ಬೆಂಗಳೂರಿನ ಜನಸಂಖ್ಯೆಯ ಮುನ್ನಂದಾಜಿನಲ್ಲಿ ಆ ಬಡಾವಣೆಗಳಿಗೆ 2023ಕ್ಕೆ ಬರೆದಿದ್ದ ಸಂಖ್ಯೆಗೂ ಎಣಿಕೆಗೂ ಒಟ್ಟಾರೆ ಶೇ. 5ರಷ್ಟು ಮಾತ್ರ ವ್ಯತ್ಯಾಸ ಬಂತು. ಅದೇ ಲೆಕ್ಕವನ್ನು ‘ಕರೆಂಟು ಬಿಲ್ಲಿನ ಜ್ಯೋತಿಷ’ ಎಂದು ಸಭೆಯಲ್ಲೇ ಹಂಗಿಸಿ ಕೊನೆಯ ಕಂತನ್ನು ತಡೆಹಿಡಿದಿದ್ದವರು ಈಗ ಲೆಕ್ಕದ ಶೀಟು ಕಳುಹಿಸಿ ಎನ್ನುತ್ತಿರುವುದರಿಂದ ಇಷ್ಟನ್ನು ಬರೆದಿಡುತ್ತಿದ್ದೇನೆ.

ಮೊದಲ ಪೆಟ್ಟು ಬಿದ್ದದ್ದು ಗಡಿಯ ವಿಷಯದಲ್ಲಿ. 2001ರಲ್ಲಿ ಪಾಲಿಕೆಯ ಜನಸಂಖ್ಯೆ 43 ಲಕ್ಷ, 2011ರಲ್ಲಿ 84 ಲಕ್ಷ. ನಡುವೆ 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳು ಸೇರಿ ಬಿಬಿಎಂಪಿ ಆಗಿತ್ತು. ಇದು ಗೊತ್ತಿದ್ದೂ ವಾರ್ಡ್ ಮಟ್ಟದಲ್ಲಿ ಹಳೆಯದಕ್ಕೆ ಹೊಸದನ್ನು ಹೊಂದಿಸಲು ಹದಿನೈದು ದಿನ ಸಾಕೆಂದು ನಂಬಿ ದರ ಕೊಟ್ಟೆ. ಹಳ್ಳಿಹಳ್ಳಿಯ ಕೋಡ್ ಹಿಡಿದು ಹೊಲಿಗೆ ಹಾಕಲು ಮೂರು ತಿಂಗಳು ಹಿಡಿಯಿತು, ಕೈಯಿಂದ ಸುಮಾರು ಎರಡು ಲಕ್ಷ ರೂಪಾಯಿ ಹೋಯಿತು.

ಇನ್ನು ಪಾಲಿಕೆಗೆ ಅಂಟಿದ ಊರುಗಳೂ ಸೇರಿದ ಇಡೀ ನಗರ ಸಮೂಹದ ಸರಣಿಯನ್ನೇ ತೆಗೆದುಕೊಂಡರೆ 1971ರಿಂದ 2011ರವರೆಗಿನ ನಾಲ್ಕು ದಶಕಗಳ ಬೆಳವಣಿಗೆ ಕ್ರಮವಾಗಿ ಸುಮಾರು ಶೇ. 76, 41, 38 ಮತ್ತು 49. ಇದಕ್ಕೆ ಯಾವ ವಕ್ರರೇಖೆ ಕೂರಿಸುತ್ತೀರಿ? ನಾನು ಲಾಜಿಸ್ಟಿಕ್ ಕೂರಿಸಿದೆ, ಅಂದರೆ ಮೊದಲು ವೇಗವಾಗಿ ಏರಿ ಒಂದು ಮಿತಿಯ ಬಳಿ ಚಪ್ಪಟೆಯಾಗುವ ರೇಖೆ. ಯಾವ ಮಿತಿಯನ್ನು ಕೊಟ್ಟೆನೋ ಅದನ್ನೇ ಅದು ನನಗೆ ವಾಪಸ್ಸು ಕೊಟ್ಟಿತು.

ಕೊನೆಗೆ ಲೆಕ್ಕವನ್ನು ತಿರುಗಿಸಿ ಹಾಕಿದೆ. ರಾಜ್ಯದ ಒಟ್ಟು ಫಲವಂತಿಕೆ ದರ (ಒಬ್ಬ ಹೆಣ್ಣಿಗೆ ಸರಾಸರಿ ಹುಟ್ಟುವ ಮಕ್ಕಳ ಸಂಖ್ಯೆ) ಎರಡಕ್ಕಿಂತ ಕೆಳಗಿಳಿದಿರುವಾಗ ಊರು ಹಿಗ್ಗುವುದು ಹೆರಿಗೆಗಿಂತ ಹೆಚ್ಚಾಗಿ ವಲಸೆಯಿಂದ. ವಲಸೆ ಬರುವುದು ಕೆಲಸ ಇದ್ದಲ್ಲಿಗೆ. ಆದ್ದರಿಂದ ಹೊರಗಿನ ಮಾರುಕಟ್ಟೆಗೆ ದುಡಿಯುವ ಸಾಫ್ಟ್‌ವೇರ್, ಗಾರ್ಮೆಂಟ್, ಯಂತ್ರೋಪಕರಣಗಳ ಉದ್ಯೋಗವನ್ನು ಮೊದಲು ಮೂರು ಸಾಧ್ಯತೆಗಳಲ್ಲಿ ಬೆಳೆಸಿದೆ. ಅಂಗಡಿ, ಶಾಲೆ, ಸಾರಿಗೆಯ ಉದ್ಯೋಗ ಅದರ ಬೆನ್ನಿಗೆ ಬರುವಂತೆ ಕಟ್ಟಿದೆ. ಇರುವ ವಯೋಗುಂಪುಗಳಿಂದ ಎಷ್ಟು ಕೈಗಳು ಸಿಗುತ್ತವೆಂದು ನೋಡಿ, ಉಳಿದ ಕೊರತೆಯನ್ನೇ ವಲಸೆ ಎಂದು ಹಿಡಿದೆ. ದುಡಿಯುವವನು ಬಂದ ಎಷ್ಟು ವರ್ಷಕ್ಕೆ ಹೆಂಡತಿ ಮಕ್ಕಳು ಬರುತ್ತಾರೆ ಎಂಬ ಅಂತರ ಪ್ರತಿ ಉದ್ಯೋಗ ವಲಯಕ್ಕೂ ಬೇರೆ. ಆ ಅಂಕಿಗಳು ನನ್ನಲ್ಲೇ ಇರಲಿ.

ಆರ್ಥಿಕ ಗಣತಿ ಮನುಷ್ಯನನ್ನು ಕೆಲಸದ ಜಾಗದಲ್ಲಿ ಎಣಿಸುತ್ತದೆ, ಜನಗಣತಿ ಮನೆಯಲ್ಲಿ ಎಣಿಸುತ್ತದೆ. ಇವೆರಡನ್ನೂ ನೇರವಾಗಿ ಕೂಡಿಸಿ ಒಂದು ವರ್ಷ ಹಾಳುಮಾಡಿಕೊಂಡೆ. ಮನೆಯಿಂದ ಕೆಲಸದ ಸ್ಥಳಕ್ಕಿರುವ ದೂರದ ಕೋಷ್ಟಕ 2011ರ ಜನಗಣತಿಯಲ್ಲಿ ಬಂದ ಮೇಲೆ ಗಂಟು ಸಡಿಲವಾಯಿತು. ಆರನೆಯ ಆರ್ಥಿಕ ಗಣತಿ ಸರ್ಕಾರಿ ಆಡಳಿತವನ್ನೂ ರಕ್ಷಣಾ ಇಲಾಖೆಯನ್ನೂ ಬಿಟ್ಟಿರುವುದರಿಂದ ಆ ಉದ್ಯೋಗಗಳನ್ನು ಕೈಯಾರೆ ಸೇರಿಸಬೇಕಾಯಿತು. ಬೆಂಗಳೂರು ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದ (ಬಿಎಂಆರ್‌ಡಿಎ) ಗಡಿ ಅತ್ತಿಬೆಲೆಯಲ್ಲಿ ಮುಗಿದರೂ ತಮಿಳುನಾಡಿನ ಹೊಸೂರಿನಿಂದ ಎಲೆಕ್ಟ್ರಾನಿಕ್ಸ್ ಸಿಟಿಗೆ ಬರುವವರು ಅಲ್ಲಿ ನಿಲ್ಲುವುದಿಲ್ಲವಾದ್ದರಿಂದ ಹೊಸೂರನ್ನೂ ಒಳಗೆ ತಂದೆ. ಇದಕ್ಕೆ ಆಕ್ಷೇಪಿಸದವರೇ ಇಲ್ಲ.

ಪರೀಕ್ಷೆಗಾಗಿ 2005ರಲ್ಲಿ ನಿಂತವನಂತೆ 1991 ಮತ್ತು 2001ರ ಜನಗಣತಿ, 1998 ಮತ್ತು 2005ರ ಆರ್ಥಿಕ ಗಣತಿ ಇಷ್ಟನ್ನೇ ಇಟ್ಟುಕೊಂಡು 2011ನ್ನು ಅಂದಾಜಿಸಿದೆ. ನಗರ ಸಮೂಹಕ್ಕೆ 82 ಲಕ್ಷ ಬಂತು. ನಿಜವಾಗಿ ಇದ್ದದ್ದು 85. ಹಿಂದಿನ ದಶಕದ ಶೇ. 38ನ್ನು ಮುಂದಕ್ಕೆ ಎಳೆದಿದ್ದರೆ 79ರ ಹತ್ತಿರವೇ ನಿಲ್ಲುತ್ತಿತ್ತು. ಆದರೆ ಕಟ್ಟಡ ಕೆಲಸದ ಉದ್ಯೋಗದಲ್ಲಿ ಮೂರನೇ ಒಂದು ಭಾಗ ಕಡಿಮೆ ಬಿತ್ತೆಂಬುದನ್ನೂ ಹೇಳಬೇಕು. ಅದನ್ನು ಇಂದಿಗೂ ಸರಿಪಡಿಸಲಾಗಿಲ್ಲ.

ಒಟ್ಟು ಸಂಖ್ಯೆಯನ್ನು ಬಡಾವಣೆಗಳಿಗೆ ಹಂಚಲು ಉಪಗ್ರಹ ಚಿತ್ರಗಳಿಗೆ ಮೂರೂವರೆ ಲಕ್ಷ ಸುರಿದೆ. ಅದರಲ್ಲಿ ತಾರಸಿ ಕಾಣುತ್ತದೆಯೇ ಹೊರತು ತಾರಸಿಯ ಕೆಳಗಿನ ಜನ ಕಾಣುವುದಿಲ್ಲ. ಆಗ ಹಿಡಿದದ್ದು ವಿದ್ಯುತ್ ಮೀಟರ್. ಅದೂ ಮೊದಲು ಮೋಸ ಮಾಡಿತು. ಮಾರತಹಳ್ಳಿಯ ಒಂದು ಅಡ್ಡರಸ್ತೆಯಲ್ಲಿ ಐದು ಅಂತಸ್ತಿನ ಪಿ.ಜಿ. ಕಟ್ಟಡಕ್ಕೆ ಒಂದೇ ಮೀಟರ್ ಇತ್ತು. ಮೆಟ್ಟಿಲಿನ ಬಳಿಯ ಚಪ್ಪಲಿಗಳನ್ನೇ ಎಣಿಸಿದೆ, ಅರವತ್ತೆರಡು ಜೊತೆ. ಎದುರಿನ ಅಪಾರ್ಟ್‌ಮೆಂಟಿನಲ್ಲಿ ನಲವತ್ತು ಮೀಟರ್‌ಗಳಿದ್ದವು, ಅವುಗಳಲ್ಲಿ ಹನ್ನೊಂದು ಮನೆಗಳಿಗೆ ಬರುತ್ತಿದ್ದದ್ದು ಕನಿಷ್ಠ ಶುಲ್ಕದ ಬಿಲ್ಲು ಮಾತ್ರ. ಅಂದಿನಿಂದ ಮೀಟರ್‌ಗಳ ಸಂಖ್ಯೆ ಬಿಟ್ಟು ಬಳಕೆಯ ಯೂನಿಟ್ ಹಿಡಿದು ನಾಲ್ಕು ವರ್ಗ ಮಾಡಿದೆ. ವರ್ಗಗಳ ಗಡಿ ಎಲ್ಲಿ ಎಂಬುದನ್ನು ಬೇಕಾದವರು ನಾಲ್ಕು ರಸ್ತೆ ಸುತ್ತಿ ತಾವೇ ಕಂಡುಕೊಳ್ಳಲಿ.

ಇದರ ನಡುವೆ ಹಾಲಿನ ಲೆಕ್ಕವನ್ನೂ ಹೂಡಿದ್ದೆ. ಬೆಳಗಿನ ಐದಕ್ಕೆ ಆರು ನಂದಿನಿ ಬೂತ್‌ಗಳ ಮುಂದೆ ಕ್ರೇಟು ಎಣಿಸಲು ಹುಡುಗರನ್ನು ನಿಲ್ಲಿಸಿದರೆ ಜನಸಂಖ್ಯೆ ಸಿಗಲಿಲ್ಲ, ಹೋಟೆಲುಗಳ ವ್ಯಾಪಾರ ಸಿಕ್ಕಿತು. ಆದರೆ ಗೌರಿ ಗಣೇಶ ಹಬ್ಬದ ವಾರ ಪೀಣ್ಯದ ಬೂತ್‌ನಲ್ಲಿ ಕ್ರೇಟುಗಳು ಕಾಲು ಭಾಗ ಇಳಿದು ಜಯನಗರದಲ್ಲಿ ಅಲ್ಲಾಡದೆ ನಿಂತದ್ದು, ಹಬ್ಬಕ್ಕೆ ಊರಿಗೆ ಹೋಗುವವರು ಎಲ್ಲಿದ್ದಾರೆಂಬುದನ್ನು ಚೆನ್ನಾಗಿಯೇ ತೋರಿಸಿತು.

ಈಗ ಬಿಬಿಎಂಪಿ ಒಡೆದು ಐದು ಪಾಲಿಕೆಗಳಾಗಿವೆ, 2027ರ ಜನಗಣತಿಯೂ ಎದುರಿಗಿದೆ. ಹಳೆಯ ವಾರ್ಡ್‌ಗಳನ್ನು ಹೊಸ ಗಡಿಗೆ ಹೊಲಿಯುವ ಕೆಲಸ ಮತ್ತೆ ಬಂದಿದೆ. ಈ ಬಾರಿಯ ದರಪಟ್ಟಿಯಲ್ಲಿ ಅದಕ್ಕೆ ಮೂರು ತಿಂಗಳನ್ನೂ ಪ್ರತ್ಯೇಕ ಮೊತ್ತವನ್ನೂ ನಮೂದಿಸಿ, ಆ ಮೊತ್ತ ಮುಂಗಡವಾಗಿಯೇ ಬರಬೇಕೆಂದು ಬರೆದಿದ್ದೇನೆ.